ಶುರುವಾಯ್ತಲ್ಲ, ಬಿಡಿ

ತಂಡಕ್ಕೆ ಹೊಸದಾಗಿ ಸೇರಿದವರು ವರ್ಚುವಲ್ ಮಷೀನ್ ಶುರು ಮಾಡಿದಾಗ ಪರದೆಯ ಮೇಲೆ ನಾಲ್ಕೈದು ಸಾಲು ಎಚ್ಚರಿಕೆ ಬರುತ್ತದೆ. ಪಕ್ಕದವರನ್ನು ಕೇಳಿದರೆ ಸಿಗುವ ಉತ್ತರ ಪುಣೆಯಲ್ಲಾದರೂ ಹೈದರಾಬಾದಿನಲ್ಲಾದರೂ ಹೆಚ್ಚುಕಡಿಮೆ ಒಂದೇ: "ಅದು ಯಾವಾಗ್ಲೂ ಬರುತ್ತೆ. ಮಷೀನ್ ಶುರುವಾಯ್ತಲ್ಲ, ಬಿಡಿ." ಉತ್ತರ ಸುಳ್ಳೇನಲ್ಲ, ಮಷೀನ್ ನಿಜಕ್ಕೂ ಶುರುವಾಗಿರುತ್ತದೆ. ತೊಡಕಿರುವುದೂ ಅಲ್ಲೇ. ಎರರ್ ಬಂದರೆ ಕೆಲಸ ನಿಲ್ಲುತ್ತದೆ, ಯಾರಾದರೂ ನೋಡಲೇಬೇಕು. ಎಚ್ಚರಿಕೆ ಬಂದರೆ ಕೆಲಸ ಸಾಗುತ್ತದೆ, ನೋಡುವ ಹೊಣೆ ಯಾರ ತಲೆಗೂ ಬರುವುದಿಲ್ಲ.

ಕ್ಯೂಎಮು ಬಳಸುವವರಿಗೆ ಚೆನ್ನಾಗಿ ಗೊತ್ತಿರುವ ಒಂದು ಎಚ್ಚರಿಕೆಯನ್ನೇ ನೋಡಬಹುದು. ಡಿಸ್ಕ್ ಇಮೇಜಿನ ಫಾರ್ಮ್ಯಾಟ್ ಯಾವುದೆಂದು ಹೇಳಿಲ್ಲ, ಊಹಿಸಿದಾಗ 'ರಾ' ಎಂದು ಕಂಡಿತು, ಹೀಗೆ ಊಹಿಸುವುದು ಅಪಾಯ, ಆದ್ದರಿಂದ ಮೊದಲ ಬ್ಲಾಕಿಗೆ ಬರೆಯಲು ಮಿತಿ ಹಾಕಿದೆ, ಮಿತಿ ಬೇಡವಾದರೆ ಫಾರ್ಮ್ಯಾಟನ್ನು ನೀವೇ ಹೇಳಿ ಎನ್ನುವುದು ಅದರ ತಾತ್ಪರ್ಯ. ಓದಿದವರಿಗೆ ಇದು ಶಾಸ್ತ್ರಕ್ಕೆ ಹೇಳಿದ ಮಾತಿನಂತೆ ಕಾಣುತ್ತದೆ. ಆದರೆ ಇದರ ಹಿಂದೆ 2008ರಲ್ಲಿ ದಾಖಲಾದ, ಸಿವಿಇ 2008-2004 ಎಂಬ ಸಂಖ್ಯೆಯ ಭದ್ರತಾ ದೋಷವಿದೆ.

'ರಾ' ಇಮೇಜಿಗೆ ತನ್ನದೇ ಆದ ತಲೆಬರಹ ಇರುವುದಿಲ್ಲ. ಒಳಗಿನ ಮಷೀನ್ ತನ್ನ ಡಿಸ್ಕಿಗೆ ಏನು ಬರೆಯುತ್ತದೋ ಹೊರಗಿನ ಫೈಲಿನಲ್ಲಿ ಅದೇ ಇರುತ್ತದೆ. 'ಕ್ಯೂಕೌ2' ಫಾರ್ಮ್ಯಾಟಿಗೆ ತಲೆಬರಹವಿದೆ, ಅದರಲ್ಲಿ ಆಧಾರವಾಗಿ ಇನ್ನೊಂದು ಫೈಲಿನ ಹೆಸರನ್ನೂ ಕೊಡಬಹುದು. ಈಗ ಒಳಗಿನ ಮಷೀನಿನಲ್ಲಿ ಅಡ್ಮಿನ್ ಅಧಿಕಾರ ಇರುವವರೊಬ್ಬರು ತಮ್ಮ ಡಿಸ್ಕಿನ ಮೊದಲ ಬ್ಲಾಕಿನಲ್ಲಿ ಕ್ಯೂಕೌ2 ತಲೆಬರಹವನ್ನು ಬರೆದು, ಅದರೊಳಗೆ ಹೋಸ್ಟಿನ ಯಾವುದೋ ಫೈಲಿನ ಹೆಸರು ಹಾಕಿದರು ಎಂದುಕೊಳ್ಳಿ. ಮುಂದಿನ ಸಲ ಶುರುವಾಗುವಾಗ ಹೋಸ್ಟ್ ಆ ತಲೆಬರಹವನ್ನು ನಂಬಿ, ತನ್ನದೇ ಫೈಲನ್ನು ತೆರೆದು ಒಳಗಿನವರ ಕೈಗೆ ಕೊಡುತ್ತಿತ್ತು. ಬಾಡಿಗೆದಾರ ತನ್ನ ಬಾಗಿಲಿನ ನಂಬರ್ ಬದಲಿಸಿ ಬರೆದು ಮಾಲೀಕರ ಬೀರುವಿನ ಕೀಲಿ ಪಡೆದ ಹಾಗೆ. ಒಂದೇ ಹೋಸ್ಟಿನಲ್ಲಿ ಹತ್ತು ಗ್ರಾಹಕರ ಮಷೀನುಗಳಿದ್ದರೆ ಆ ಬೀರುವಿನಲ್ಲಿ ಯಾರ ಯಾರ ಗಂಟು ಇರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಇದಕ್ಕೆ ಪರಿಹಾರವೋ, ಡ್ರೈವ್ ಆಯ್ಕೆಯಲ್ಲಿ ಫಾರ್ಮ್ಯಾಟ್ 'ರಾ' ಎಂದು ಸೇರಿಸುವುದು, ಅಷ್ಟೇ.

ಎಲ್ಲ ಎಚ್ಚರಿಕೆಗಳಿಗೂ ಇಷ್ಟು ಬಿಡಿಸಿ ಹೇಳುವ ಬಾಯಿ ಇಲ್ಲ. ವಿಂಡೋಸ್‌ನಲ್ಲಿ ಹೈಪರ್-ವಿ ಮೊದಲೇ ಪ್ರೊಸೆಸರನ್ನು ಹಿಡಿದುಕೊಂಡಿದ್ದರೆ ವರ್ಚುವಲ್‌ಬಾಕ್ಸ್ ಅದರ ಮೇಲೆ ಕೂತು ನಿಧಾನವಾಗಿ ನಡೆಯುತ್ತದೆ, ಕಿಟಕಿಯ ಕೆಳಪಟ್ಟಿಯಲ್ಲಿ ಒಂದು ಹಸಿರು ಆಮೆ ಕಾಣಿಸುತ್ತದೆ. ಆಮೆ ಯಾಕೆ ಬಂತು, ಹೇಗೆ ಕಳಿಸಬೇಕು ಎಂದು ಚಿತ್ರ ನೋಡಿ ಯಾರಿಗೆ ತಿಳಿಯಬೇಕು? ಹಾಗೆಂದು ಹೈಪರ್-ವಿಯನ್ನು ಕಿತ್ತುಹಾಕಲು ಓಡುವುದೂ ಜಾಣತನವಲ್ಲ. ವಿಂಡೋಸ್‌ನ ಕೆಲವು ಭದ್ರತಾ ಏರ್ಪಾಡುಗಳು ಅದನ್ನೇ ನೆಚ್ಚಿಕೊಂಡಿವೆ. ಈ ಎಚ್ಚರಿಕೆಯನ್ನು ತಿಳಿದೂ ಹಾಗೇ ಬಿಡಬಹುದು, ಆದರೆ ತಿಳಿದು ಬಿಡಬೇಕು.

ನಿಜವಾಗಿ ಹೆದರಬೇಕಾದದ್ದು ಪ್ರೊಸೆಸರಿನ ಎಚ್ಚರಿಕೆಗೆ. ಕೇಳಿದ ಸೌಲಭ್ಯ ಹೋಸ್ಟಿನಲ್ಲಿ ಇಲ್ಲದಿದ್ದರೆ ಕ್ಯೂಎಮು ಒಂದು ಸಾಲು ಬರೆದು, ಆ ಸೌಲಭ್ಯವನ್ನು ಬಿಟ್ಟು ಮಷೀನ್ ಶುರು ಮಾಡುತ್ತದೆ. ಹಲವು ದಿನಗಳ ನಂತರ ಎವಿಎಕ್ಸ್2 ಇದೆಯೆಂದು ನಂಬಿ ಕಂಪೈಲ್ ಮಾಡಿದ ಪ್ರೋಗ್ರಾಂ ಒಂದು ಥಟ್ಟನೆ ಸಾಯುತ್ತದೆ. ಆಗ ಪ್ರೋಗ್ರಾಂ ಬರೆದವರನ್ನು ಬೈಯುತ್ತಾರೆಯೇ ಹೊರತು ಆವತ್ತಿನ ಸಾಲನ್ನು ಯಾರೂ ನೆನೆಯುವುದಿಲ್ಲ. ಸಿಪಿಯು ಆಯ್ಕೆಗೆ 'ಎನ್‌ಫೋರ್ಸ್' ಎಂದು ಸೇರಿಸಿದರೆ, ಸೌಲಭ್ಯ ಇಲ್ಲದ ಕಡೆ ಮಷೀನ್ ಶುರುವಾಗಲು ಒಪ್ಪುವುದೇ ಇಲ್ಲ. ಮನೆಯ ಲ್ಯಾಪ್‌ಟಾಪಿನಲ್ಲಿ ಇದು ಅತಿಯಾದೀತು, ಜನರ ಕೆಲಸ ನಡೆಯುವ ಸರ್ವರುಗಳಲ್ಲಿ ಇದು ಇರಲೇಬೇಕು.

ರಾತ್ರಿ ಪಾಳಿಯವರು ಇದನ್ನು ಒಪ್ಪುವುದಿಲ್ಲ. ಒಂದು ಹೋಸ್ಟ್ ಕೆಟ್ಟು, ಮಷೀನುಗಳು ಹಳೆಯ ಹೋಸ್ಟಿನಲ್ಲಿ ಏಳಬೇಕಾದ ಎರಡು ಗಂಟೆ ರಾತ್ರಿಯಲ್ಲಿ, ಏಳದೇ ಇರುವುದಕ್ಕಿಂತ ಕುಂಟುತ್ತಾ ಎದ್ದರೂ ಸಾಕು ಎನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ, ಫೋನ್ ಬರುವುದು ಅವರಿಗೇ ತಾನೇ. ಆದರೆ ಆ ರಾತ್ರಿಯ ತಪ್ಪು ನಡೆದದ್ದು ಅದಕ್ಕೂ ಎಷ್ಟೋ ಮೊದಲು, ಗುಂಪಿನ ಅತಿ ಹಳೆಯ ಹೋಸ್ಟ್ ಹೊರಲಾರದ ಸಿಪಿಯು ಮಾದರಿಯನ್ನು ಆರಿಸಿದ ಹಗಲಿನಲ್ಲಿ. ಎಲ್ಲ ಹೋಸ್ಟುಗಳಿಗೂ ಹೊಂದುವ ಮಾದರಿಯನ್ನು ಲೆಕ್ಕ ಹಾಕಿಕೊಡುವ ಆಜ್ಞೆ ಲಿಬ್‌ವರ್ಟ್‌ನಲ್ಲಿದೆ. ಅದನ್ನು ಹಗಲಲ್ಲೇ ಓಡಿಸಿದ್ದರೆ ರಾತ್ರಿ ಈ ಜಗಳವೇ ಬರುತ್ತಿರಲಿಲ್ಲ.

ಬೇಸತ್ತವರು ಹಿಡಿಯುವ ದಾರಿ ಬೇರೆ: 'ಮತ್ತೆ ತೋರಿಸಬೇಡ' ಎಂಬ ಚೌಕಕ್ಕೆ ಟಿಕ್ ಹಾಕುವುದು, ಇಲ್ಲವೇ ಸ್ಕ್ರಿಪ್ಟಿನಲ್ಲಿ ಎರರ್ ಸಾಲುಗಳನ್ನೆಲ್ಲ ಡೆವ್ ನಲ್‌ಗೆ ತಳ್ಳಿಬಿಡುವುದು. ಹಾಗೆ ತಳ್ಳಿದರೆ ಇವತ್ತಿನ ಹಳೆಯ ಐದು ಸಾಲಿನ ಜೊತೆ ನಾಳೆ ಬರುವ ಆರನೆಯದೂ ಹೋಗುತ್ತದೆ. ಅದರ ಬದಲು ಸರಿಪಡಿಸಬಹುದಾದ ಸಾಲುಗಳನ್ನು ಕಾನ್ಫಿಗರೇಶನ್ನಿನಲ್ಲೇ ಸರಿಪಡಿಸಿ, ಉಳಿದವನ್ನು ಸ್ಕ್ರಿಪ್ಟಿನ ಪಕ್ಕದ ಒಂದು ಫೈಲಿನಲ್ಲಿ ಬರೆದಿಡಬಹುದು: ಯಾವ ಸಾಲು, ಯಾಕೆ ಬಿಟ್ಟಿದ್ದು, ಯಾವ ತಾರೀಕು. ಆ ಪಟ್ಟಿಯಲ್ಲಿ ಇಲ್ಲದ ಸಾಲು ಬಂದ ದಿನ ಸ್ಕ್ರಿಪ್ಟ್ ನಿಲ್ಲಲಿ. "ಬಿಡಿ" ಎಂದಿದ್ದ ಪಕ್ಕದವರು ಅಷ್ಟರಲ್ಲಿ ಬೇರೆ ಕಂಪನಿಗೆ ಹೋಗಿದ್ದರೂ, ಹೊಸಬರಿಗೆ ಓದಲು ಆ ಫೈಲಾದರೂ ಇರುತ್ತದೆ.