ಗುಂಡಿನ ಸದ್ದು ಮತ್ತು ಮೂಸನ ಎಂ-80

ಆ್ಯಕ್ಷನ್ ಸಿನಿಮಾಗಳ ಬಗ್ಗೆ ನಮ್ಮ ತಕರಾರು ಹಳೆಯದು. ಸದ್ದು ಜಾಸ್ತಿ, ಮನುಷ್ಯರು ಕಡಿಮೆ. ಹಿಂದಿಯವರಿಗಂತೂ ಬಾಂಬ್ ಇಡುವವನನ್ನು ತೋರಿಸಲು ಒಂದು ಗಡ್ಡ, ಒಂದು ಟೊಪ್ಪಿ, ಕಣ್ಣಿಗೊಂದಿಷ್ಟು ಸುರುಮ ಇದ್ದರೆ ಸಾಕು. 2021ರ ‘ಸೂರ್ಯವಂಶಿ’ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದರಲ್ಲಿ ಒಳ್ಳೆಯ ಮುಸ್ಲಿಮರೂ ಇದ್ದಾರಲ್ಲ ಎನ್ನಬಹುದು. ಇದ್ದಾರೆ, ಒಳ್ಳೆಯವರೆಂದು ತೋರಿಸಿಕೊಳ್ಳುವುದೇ ಅವರ ಕೆಲಸ. 2023ರ ‘ಪಠಾಣ್’ ಸ್ವಲ್ಪ ಬೇರೆ, ಅಲ್ಲಿ ಖಳನಾಯಕ ನಮ್ಮದೇ ದೇಶದ ಮಾಜಿ ಗೂಢಚಾರ. ಅದೇ ವರ್ಷದ ‘ಜವಾನ್’ನಲ್ಲಿ ರೈತನ ಸಾಲ, ಆಸ್ಪತ್ರೆಯ ಆಕ್ಸಿಜನ್ ಎಲ್ಲ ಬರುತ್ತದೆ, ಅಷ್ಟರ ಮಟ್ಟಿಗೆ ಹಿತ. ಆದರೆ ನೋಡಿ ಎದ್ದ ಮೇಲೆ ಮನೆಯವರು ಕೂತು ಮಾತಾಡುವಂಥದ್ದು ಏನು ಉಳಿಯಿತು?

ವಿಜ್ಞಾನದ ಸಿನಿಮಾ ಹಾಕಿದರೆ ನಮ್ಮ ಉಮ್ಮಂದಿರು ಎದ್ದು ಅಡುಗೆ ಕೋಣೆಗೆ ಹೋಗುತ್ತಾರೆ. ‘ಇಂಟರ್‌ಸ್ಟೆಲ್ಲರ್’ (2014) ಹಾಕಿದರೆ ಮಾತ್ರ ಕೈಹಿಡಿದು ಕೂರಿಸಬೇಕು. ಅದರ ಗಣಿತ ನಮಗೂ ಪೂರ್ತಿ ತಲೆಗೆ ಹೋಗಿಲ್ಲ, ಹೋಗಬೇಕೆಂದೂ ಇಲ್ಲ. ಮಕ್ಕಳನ್ನು ಬಿಟ್ಟು ಬಾಹ್ಯಾಕಾಶಕ್ಕೆ ಹೋದ ಅಪ್ಪ ಒಂದು ಗ್ರಹಕ್ಕೆ ಇಳಿಯುತ್ತಾನೆ. ಅಲ್ಲಿನ ಒಂದು ಗಂಟೆ ಭೂಮಿಯ ಏಳು ವರ್ಷಕ್ಕೆ ಸಮ. ತಿರುಗಿ ನೌಕೆಗೆ ಬರುವಾಗ ಇಲ್ಲಿ 23 ವರ್ಷ ದಾಟಿದೆ. ಮನೆಯಿಂದ ಬಂದ ವೀಡಿಯೊಗಳನ್ನು ಅವನು ಒಂದೊಂದಾಗಿ ನೋಡುತ್ತಾನೆ: ಮಗ ದೊಡ್ಡವನಾದ, ಮದುವೆಯಾದ, ಅವನಿಗೂ ಮಗುವಾಯಿತು. ಅಪ್ಪ ಅಳುತ್ತಾ ಕೂತಿದ್ದಾನೆ. ಜುಬೈಲಿನಲ್ಲೋ ಶಾರ್ಜಾದಲ್ಲೋ ರೂಮಿನ ಮಂಚದ ಮೇಲೆ ಕೂತು ಮಗಳ ಮದುವೆಯನ್ನು ಮೊಬೈಲಿನಲ್ಲಿ ನೋಡಿದ ಉಪ್ಪಂದಿರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಎರಡು ವರ್ಷಕ್ಕೊಮ್ಮೆ ಊರಿಗೆ ಬರುವವನಿಗೆ ಈ ಲೆಕ್ಕವನ್ನು ಯಾರೂ ಕಲಿಸಬೇಕಾಗಿಲ್ಲ.

ಇತ್ತ ಊರಲ್ಲಿ ಉಳಿದವರ ಕಥೆ ಬೇಕಾದರೆ 2019ರ ಮಲಯಾಳಂ ಸಿನಿಮಾ ‘ಆಂಡ್ರಾಯ್ಡ್ ಕುಞಪ್ಪನ್’ ನೋಡಿ. ಪಯ್ಯನ್ನೂರಿನ ಮುಂಗೋಪಿ ಮುದುಕ, ಕೆಲಸಕ್ಕೆಂದು ರಷ್ಯಾಕ್ಕೆ ಹೋದ ಒಬ್ಬನೇ ಮಗ. ಅಪ್ಪನನ್ನು ನೋಡಿಕೊಳ್ಳಲು ಅವನು ಒಂದು ರೋಬೋಟ್ ತಂದು ಬಿಡುತ್ತಾನೆ. ಮೊದಲು ಅದನ್ನು ಕಂಡರಾಗದ ಅಪ್ಪ, ಆಮೇಲೆ ಅದಕ್ಕೆ ಮುಂಡು ಶರ್ಟು ತೊಡಿಸಿ ಮಗನಂತೆ ಕರೆದುಕೊಂಡು ತಿರುಗುತ್ತಾನೆ, ವಾಪಸ್ ಕೊಡು ಎಂದರೆ ಕೊಡುವುದಿಲ್ಲ. ಸುರಾಜ್ ವೆಂಜಾರಮೂಡ್ ಅವರ ನಟನೆಗೆ ಕೇರಳ ಸರಕಾರದ ಪ್ರಶಸ್ತಿ ಬಂತು. ನಗಿಸುತ್ತಲೇ ಹೋಗುವ ಸಿನಿಮಾ, ಆದರೆ ಮಗ ವಿದೇಶದಲ್ಲಿರುವ ಮನೆಯಲ್ಲಿ ಕೂತು ನೋಡುವಾಗ ನಗು ಅರ್ಧಕ್ಕೆ ನಿಲ್ಲುತ್ತದೆ. ತಿಂಗಳು ತಿಂಗಳು ದುಡ್ಡು ಬರುತ್ತದೆ, ದೊಡ್ಡ ಮನೆ ಇದೆ, ಸಿಸಿಟಿವಿಯೂ ಇದೆ. ಉಮ್ಮ ಊಟ ಮಾಡಿದ್ದಾರಾ ಎಂದು ಕೇಳುವವರು ಯಾರು?

ಹಾಸ್ಯಕ್ಕೆ ಬಂದರೆ, ‘ಮಿಸ್ಟರ್ ಬೀನ್’ನದ್ದು ಮಾತೇ ಬೇಡದ ನಗು, ಮೂರು ವರ್ಷದ ಮಗುವಿಗೂ ಆಗುತ್ತದೆ. ಆದರೆ ನಮ್ಮ ಓಟು ಮೀಡಿಯಾ ಒನ್ ಚಾನೆಲಿನ ‘ಎಂ-80 ಮೂಸ’ನಿಗೆ. ಎಂ-80 ಬಿಟ್ಟುಕೊಂಡು ಮೀನು ಮಾರುವ ಮೂಸ, ಮನೆಯಲ್ಲಿ ಅವನ ಬಾಯಿ ಮುಚ್ಚಿಸುವ ಪಾತು. ಪಾತುವಾದ ಸುರಭಿ ಲಕ್ಷ್ಮಿ ಅವರಿಗೆ ಮುಂದೆ ಇನ್ನೊಂದು ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿಯೇ ಬಂತು. ಮೂಸ ದೇಶಭಕ್ತನೆಂದು ಯಾರಿಗೂ ತೋರಿಸಬೇಕಾಗಿಲ್ಲ, ಯಾರನ್ನೂ ಕೊಲ್ಲಬೇಕಾಗಿಯೂ ಇಲ್ಲ. ಅವನಿಗಿರುವುದು ಸಾಲ, ಜಂಬ, ಹೆಂಡತಿಯ ಹೆದರಿಕೆ. ಕೋಝಿಕೋಡಿನ ಅವನ ಮಾತು ನಮ್ಮ ಅಜ್ಜಿಯಂದಿರಿಗೆ ಹೆಚ್ಚುಕಮ್ಮಿ ಹಾಗೇ ಅರ್ಥವಾಗುತ್ತದೆ. ‘ಸೂರ್ಯವಂಶಿ’ ಮಾಡಿದವರು ಒಂದು ಸಂಜೆ ಇದನ್ನು ನೋಡಬೇಕಿತ್ತು.

2011ರ ‘ಬ್ಯಾರಿ’ ಸಿನಿಮಾ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯನ್ನು ಮರಾಠಿಯ ‘ದೇವೂಳ್’ ಜೊತೆ ಹಂಚಿಕೊಂಡಿತು. ಅದು ಕಣ್ಣೀರಿನ ಕಥೆ. ನಮ್ಮ ಹುಡುಗರು ಮೊಬೈಲಿಗೆ ಮಾಡಿ ಬಿಡುವ ಬ್ಯಾರಿ ಹಾಸ್ಯದ ತುಣುಕುಗಳಲ್ಲಿ ಕೆಲವು ನಿಜಕ್ಕೂ ಚೆನ್ನಾಗಿವೆ. ಎರಡು ನಿಮಿಷದ ತಮಾಷೆ ಸಾಕು, ಇನ್ನು ಒಂದು ಮನೆಯನ್ನೇ ಹಿಡಿದು ಕಂತು ಕಂತಾಗಿ ಬರೆಯಿರಿ. ಉಪ್ಪ ಗಲ್ಫಿನಲ್ಲಿದ್ದಾನೆ, ಉಮ್ಮ ಮನೆ ನಡೆಸುತ್ತಿದ್ದಾಳೆ, ರಾತ್ರಿ ಒಂಬತ್ತಕ್ಕೆ ವೀಡಿಯೊ ಕಾಲ್ ಬರುತ್ತದೆ. ಅಲ್ಲಿಂದಲೇ ಶುರು ಮಾಡಬಹುದು.