ಓಟಕ್ಕೆ ರಸ್ತೆಯಿದೆ, ಈಜಿಗೆ?

2019ರಲ್ಲಿ ಗೋವಾದಲ್ಲಿ ಐರನ್‌ಮ್ಯಾನ್ 70.3 ಶುರುವಾದ ಮೇಲೆ ಟ್ರಯಥ್ಲಾನ್ ಮಾತು ನಮ್ಮ ಹಾಸ್ಟೆಲ್‌ಗೂ ಬಂದಿದೆ. ಆರಂಭಿಕರು ಆರಿಸಿಕೊಳ್ಳುವ ಸ್ಪ್ರಿಂಟ್ ವಿಭಾಗದಲ್ಲಿ 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಸೈಕಲ್, ಓಟಕ್ಕೆ ರಸ್ತೆ ಸಾಕು. ಈಜಿಗೆ ಕೊಳ, ಶುಲ್ಕ, ತರಬೇತುದಾರ ಬೇಕು. ಹಲವರು ಹಿಂದೆ ಸರಿಯುವುದು ಅಲ್ಲೇ.

ನಾನು ಇಪ್ಪತ್ತರ ವಯಸ್ಸಿನಲ್ಲಿ ಚಿಕ್ಕ ಮಕ್ಕಳ ಜೊತೆ ಕೊಳಕ್ಕಿಳಿದೆ. ಮೊದಲ ವಾರ ಕಲಿತದ್ದು ಒಂದೇ: ಮುಖ ನೀರಿನಲ್ಲಿರುವಾಗ ನಿಧಾನವಾಗಿ ಉಸಿರು ಬಿಡುವುದು. ಉಸಿರು ಬಿಗಿಹಿಡಿದಷ್ಟೂ ದಿಗಿಲು ಹೆಚ್ಚು. ವೇಗ ಆಮೇಲಿನ ಮಾತು. ಸುಸ್ತಾದರೆ ತೇಲುವ ಬೋಯ್ ಹಿಡಿದು ದಣಿವಾರಿಸಿಕೊಳ್ಳಲು ಸ್ಪರ್ಧೆಯ ನಿಯಮವೇ ಅವಕಾಶ ಕೊಡುತ್ತದೆ.

ಬೇಸಿಗೆಯಲ್ಲಿ ಕೆರೆ, ಕ್ವಾರಿ ಹೊಂಡಗಳಲ್ಲಿ ವಿದ್ಯಾರ್ಥಿಗಳು ಮುಳುಗಿದ ಸುದ್ದಿ ಓದುತ್ತಲೇ ಇದ್ದೇವೆ. ಅಲ್ಲಿ ಬೋಯ್ ಇರುವುದಿಲ್ಲ. ಪ್ರತಿ ಕಾಲೇಜಿಗೂ ಕೊಳ ಕಟ್ಟುವುದು ಕಷ್ಟ. ಊರಿನ ಸರ್ಕಾರಿ ಈಜುಕೊಳದಲ್ಲಿ ವಿದ್ಯಾರ್ಥಿಗಳಿಗೆ ವಾರಕ್ಕೊಂದು ಗಂಟೆ ಮೀಸಲಿಡುವುದೂ ಕಷ್ಟವೇ?