ಭಾರವೆಲ್ಲ ಸುದ್ದಿಯಲ್ಲ

ಚೆನ್ನೈನಿಂದ ಬೆಂಗಳೂರು ಹೆದ್ದಾರಿ ಹಿಡಿದು ಹೊರಟರೆ, ಶ್ರೀಪೆರಂಬುದೂರಿಗೆ ಸ್ವಲ್ಪ ಮೊದಲು ಇರುಂಗಾಟ್ಟುಕೋಟ್ಟೈ ಸಿಗುತ್ತದೆ. ಹ್ಯುಂಡೈ ಕಾರ್ಖಾನೆ ಇರುವ ಊರು. ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ಬಿನ ರೇಸ್ ಟ್ರ್ಯಾಕ್ ಇರುವುದೂ ಅಲ್ಲೇ. ಸುಮಾರು 3.7 ಕಿ.ಮೀ. ಉದ್ದ, 12 ತಿರುವು. ಅಲ್ಲಿಗೆ ಬರುವ ಖಾಸಗಿ ಕಾರುಗಳಲ್ಲಿ ಇಪ್ಪತ್ತು ವರ್ಷ ದಾಟಿದ ಹೋಂಡಾ ಸಿಟಿ ವಿಟೆಕ್, ಮಾರುತಿ ಎಸ್ಟೀಮ್‌ಗಳಿಗೆ ಇನ್ನೂ ಒಂದು ಗತ್ತಿದೆ. ಹೊಸ ಕಾರಿನ ಬೆಲೆಯ ಮುಂದೆ ಪುಡಿಗಾಸಿಗೆ ಸಿಗುತ್ತವೆ, ಹಗುರವಾಗಿವೆ, ಬಿಚ್ಚಿ ಕಟ್ಟಲು ಸುಲಭ. ಇವುಗಳ ಮಾಲೀಕರ ನಡುವೆ ಮುಗಿಯದ ಒಂದು ಜಗಳವೂ ಇದೆ: ಪವರ್ ಸ್ಟೀರಿಂಗ್ ಇಟ್ಟುಕೊಳ್ಳಬೇಕೋ, ಕಿತ್ತು ಹಾಕಬೇಕೋ? ಕಿತ್ತರೆ ಹೇಗೆ?

ಕೀಳುವುದಕ್ಕೆ ಎರಡು ದಾರಿಗಳಿವೆ. ಒಂದು, ಪವರ್ ಇಲ್ಲದ ಕಾರಿಗೆಂದೇ ಕಾರ್ಖಾನೆ ಮಾಡಿದ ಮ್ಯಾನುಯಲ್ ರ‍್ಯಾಕ್ ತಂದು ಕೂರಿಸುವುದು. ಎರಡು, ಇರುವ ಪವರ್ ರ‍್ಯಾಕನ್ನೇ ಉಳಿಸಿಕೊಂಡು ಅದರ ಪಂಪು, ಬೆಲ್ಟು, ಎಣ್ಣೆಯ ಪೈಪುಗಳನ್ನು ತೆಗೆದುಬಿಡುವುದು. ಇದಕ್ಕೆ ಗ್ಯಾರೇಜಿನ ಭಾಷೆಯಲ್ಲಿ ‘ಡಿಪವರ್’ ಮಾಡುವುದು ಎನ್ನುತ್ತಾರೆ. ಎಸ್ಟೀಮ್ ಪವರ್ ಇರುವ, ಇಲ್ಲದ ಎರಡೂ ರೂಪಗಳಲ್ಲಿ ಬಂದ ಕಾರಾದ್ದರಿಂದ ಅದರ ಮಾಲೀಕನಿಗೆ ಎರಡೂ ದಾರಿ ತೆರೆದಿವೆ. ಸಿಟಿ ವಿಟೆಕ್ ಪವರ್ ಸ್ಟೀರಿಂಗ್ ಜೊತೆಗೇ ಬಂದ ಕಾರು. ಅದರ ಮಾಲೀಕನಿಗೆ ಸುಲಭವಾಗಿ ಕಾಣುವುದು ಡಿಪವರ್ ಒಂದೇ. ಹಾಗಾಗಿ ‘ಪೈಪ್ ಕತ್ತರಿಸಿ ಲೂಪ್ ಮಾಡು, ಅರ್ಧ ದಿನದ ಕೆಲಸ, ಸ್ಟೀರಿಂಗ್ ಮಾತಾಡುತ್ತೆ’ ಎಂಬ ಸಲಹೆ ಬೇಗ ಹಬ್ಬುತ್ತದೆ. ಆ ಸಲಹೆ ತಪ್ಪು. ಯಾಕೆ ತಪ್ಪು ಎಂದು ತಿಳಿಯಲು ಸ್ಟೀರಿಂಗ್ ‘ಮಾತಾಡುವುದು’ ಎಂದರೆ ಏನೆಂದು ಮೊದಲು ನೋಡಬೇಕು.

ಕನ್ನಡದಲ್ಲಿ ಸದ್ದು, ಸುದ್ದಿ ಎಂಬ ಎರಡು ಪದಗಳು ಅಕ್ಕಪಕ್ಕ ಕೂತಿವೆ. ಕೈಗೆ ಬರುವ ಭಾರದಲ್ಲೂ ಈ ಎರಡೂ ಇರುತ್ತವೆ. ಕಾರು ತಿರುವಿನಲ್ಲಿರುವಾಗ ಮುಂದಿನ ಟೈರು ನೆಲವನ್ನು ಕಚ್ಚಿ, ತಾನಾಗಿಯೇ ನೇರವಾಗಲು ಒತ್ತಾಯಿಸುತ್ತದೆ. ತಿರುವು ಬಿಗಿಯಾದಷ್ಟೂ ಆ ಒತ್ತಾಯ ಏರುತ್ತದೆ. ಆದರೆ ಟೈರಿನ ಹಿಡಿತ ಅದರ ಕೊನೆಯ ಮಿತಿಗೆ ಬರುವ ಸ್ವಲ್ಪ ಮುಂಚೆಯೇ ಈ ಒತ್ತಾಯ ಇಳಿಯತೊಡಗುತ್ತದೆ. ಕೈಯಲ್ಲಿದ್ದ ಚಕ್ರ ಇದ್ದಕ್ಕಿದ್ದಂತೆ ಸಡಿಲವಾದಂತೆ ಅನಿಸುವ ಆ ಕ್ಷಣವೇ ಸುದ್ದಿ. ‘ಇನ್ನು ಹೆಚ್ಚು ತಿರುಗಿಸಿದರೆ ಜಾರುತ್ತೇನೆ’ ಎಂದು ಟೈರು ಹೇಳುವುದು ಹಾಗೆ. ಅನುಭವಿ ಚಾಲಕ ಕಿವಿಗೊಡುವುದು ಆ ಇಳಿತಕ್ಕೆ. ಚಕ್ರ ಎಷ್ಟು ಭಾರ ಎಂಬುದಕ್ಕಲ್ಲ, ಭಾರ ಹೇಗೆ ಬದಲಾಗುತ್ತಿದೆ ಎಂಬುದಕ್ಕೆ.

ಉಳಿದ ಭಾರವೆಲ್ಲ ಸದ್ದು. ಸೀಲಿನ ಉಜ್ಜಾಟ, ಹಳೆಯ ಬಾಲ್ ಜಾಯಿಂಟಿನ ಬಿಗಿತ, ಪೈಪಿನೊಳಗೆ ಸಿಕ್ಕಿಬಿದ್ದ ಎಣ್ಣೆಯ ತಡೆ ಇವು ಟೈರಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿಜ್ಞಾನಿ ಅರ್ನ್‌ಸ್ಟ್ ವೇಬರ್ ಸ್ಪರ್ಶದ ಬಗ್ಗೆ ಕಂಡುಕೊಂಡ ನಿಯಮ ಇಲ್ಲಿ ನೇರವಾಗಿ ಅನ್ವಯಿಸುತ್ತದೆ: ಕೈಯಲ್ಲಿ ಈಗಾಗಲೇ ಇರುವ ಭಾರ ಹೆಚ್ಚಾದಷ್ಟೂ, ಅದರಲ್ಲಿನ ಬದಲಾವಣೆ ಗೊತ್ತಾಗಬೇಕಾದರೆ ಆ ಬದಲಾವಣೆಯೂ ಅಷ್ಟೇ ದೊಡ್ಡದಾಗಿರಬೇಕು. ಒಂದು ಸೇರು ಅಕ್ಕಿಯ ಚೀಲಕ್ಕೆ ಒಂದು ಹಿಡಿ ಸೇರಿಸಿದರೆ ಕೈಗೆ ತಿಳಿಯುತ್ತದೆ. ಮೂಟೆಗೆ ಸೇರಿಸಿದರೆ ತಿಳಿಯುವುದಿಲ್ಲ. ಅಂದರೆ ಬರೀ ಉಜ್ಜಾಟದಿಂದ ಭಾರವಾದ ಸ್ಟೀರಿಂಗ್ ಹೆಚ್ಚು ಮಾತಾಡುವುದಿಲ್ಲ, ಮಾತು ಕೇಳಿಸದಂತೆ ಗದ್ದಲ ಮಾಡುತ್ತದೆ.

ಈಗ ಪವರ್ ರ‍್ಯಾಕಿನ ಒಳಗೆ ನೋಡೋಣ. ಎಂಜಿನ್ನಿನಿಂದ ತಿರುಗುವ ಪಂಪು ಎಣ್ಣೆಯನ್ನು ಒತ್ತಡದಲ್ಲಿಡುತ್ತದೆ. ಸ್ಟೀರಿಂಗ್ ದಂಡಕ್ಕೂ ರ‍್ಯಾಕಿನ ಹಲ್ಲಿಗೆ ಕೂರುವ ಪಿನಿಯನ್ನಿಗೂ ನಡುವೆ ಟಾರ್ಷನ್ ಬಾರ್ ಎಂಬ ತೆಳುವಾದ ಉಕ್ಕಿನ ಸಲಾಕೆ ಇದೆ. ಚಾಲಕ ಚಕ್ರ ತಿರುಗಿಸಿದಾಗ ಈ ಸಲಾಕೆ ಕೊಂಚ ತಿರುಚಿಕೊಳ್ಳುತ್ತದೆ. ಆ ತಿರುಚೇ ವಾಲ್ವನ್ನು ತೆರೆದು, ರ‍್ಯಾಕಿನ ಮೇಲಿರುವ ಪಿಸ್ಟನ್ನಿನ ಒಂದು ಬದಿಗೆ ಎಣ್ಣೆಯನ್ನು ನುಗ್ಗಿಸುತ್ತದೆ. ಎಣ್ಣೆ ತಳ್ಳುತ್ತದೆ, ಚಾಲಕನ ಕೈ ಹಗುರಾಗುತ್ತದೆ. ಫ್ರಾನ್ಸಿಸ್ ಡೇವಿಸ್ ಎಂಬ ಅಮೆರಿಕದ ಎಂಜಿನಿಯರ್ 1920ರ ದಶಕದಲ್ಲೇ ಪಿಯರ್ಸ್ ಆ್ಯರೋ ಕಾರಿನಲ್ಲಿ ಇಂಥದೊಂದನ್ನು ಮಾಡಿ ತೋರಿಸಿದ್ದ. ಮಾರಾಟದ ಕಾರಿಗೆ ಅದು ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ.

ಪಂಪು ಮಾತ್ರ ತೆಗೆದು ಪೈಪನ್ನು ಲೂಪ್ ಮಾಡಿದರೆ ಏನಾಗುತ್ತದೆ? ಪಿಸ್ಟನ್ ಅಲ್ಲೇ ಇದೆ, ಅದರ ಸೀಲೂ ಇದೆ. ಚಕ್ರ ತಿರುಗಿಸಿದಾಗಲೆಲ್ಲ ಚಾಲಕ ತನ್ನ ತೋಳಿನಿಂದಲೇ ಎಣ್ಣೆಯನ್ನೋ ಗಾಳಿಯನ್ನೋ ಸಣ್ಣ ಪೈಪಿನೊಳಗೆ ಅತ್ತಿಂದಿತ್ತ ತಳ್ಳಬೇಕು. ಟಾರ್ಷನ್ ಬಾರ್ ಕೂಡ ಅಲ್ಲೇ ಇದೆ. ಸಹಾಯಕ್ಕೆ ಎಣ್ಣೆಯ ಒತ್ತಡ ಇಲ್ಲದ್ದರಿಂದ, ಅದು ತನ್ನ ಮಿತಿಯವರೆಗೆ ತಿರುಚಿಕೊಂಡ ಮೇಲೆಯೇ ಚಕ್ರ ನಿಜವಾಗಿ ತಿರುಗುತ್ತದೆ. ಮೆಕ್ಯಾನಿಕ್ಕುಗಳು ‘ಪ್ಲೇ’ ಎನ್ನುವ ಸಡಿಲಿಕೆ ಹೀಗೆ ಹುಟ್ಟುತ್ತದೆ. ಭಾರ ಹೆಚ್ಚಾಯಿತು, ಮಧ್ಯದಲ್ಲಿ ಸಡಿಲವೂ ಬಂತು. ಸುದ್ದಿಗಾಗಿ ಹೊರಟವನಿಗೆ ಸಿಕ್ಕಿದ್ದು ಸದ್ದು.

ಪೂರ್ತಿ ಡಿಪವರ್ ಮಾಡುವುದು ಬೇರೆಯೇ ಕೆಲಸ. ರ‍್ಯಾಕನ್ನು ಇಳಿಸಿ, ಬಿಚ್ಚಿ, ಪಿಸ್ಟನ್ನಿನ ಸೀಲನ್ನು ತೆಗೆಯಬೇಕು. ಎಣ್ಣೆಯೇ ಒಳಭಾಗಗಳಿಗೆ ಜಾರುಕವೂ ಆಗಿತ್ತು. ಅದು ಹೋದ ಮೇಲೆ ಸರಿಯಾದ ಗ್ರೀಸ್ ತುಂಬಬೇಕು. ಸಡಿಲಿಕೆ ಹೋಗಬೇಕಾದರೆ ಟಾರ್ಷನ್ ಬಾರ್ ತಿರುಚದಂತೆ ವೆಲ್ಡ್ ಮಾಡಿ ಕಟ್ಟಿಹಾಕಬೇಕು. ಈ ಕೊನೆಯ ಹೆಜ್ಜೆಯಲ್ಲಿ ಕೈ ತಪ್ಪಿದರೆ ಕ್ಷಮೆಯಿಲ್ಲ. ಗಡಸು ಉಕ್ಕಿಗೆ ಅಂದಾಜಿನಲ್ಲಿ ಬೆಂಕಿ ಕೊಟ್ಟರೆ ಅದು ಪೆಡಸಾಗಬಹುದು, ಕಣ್ಣಿಗೆ ಕಾಣದ ಬಿರುಕು ಉಳಿಯಬಹುದು. ಬ್ರೇಕಿಗಾದರೂ ಎರಡು ಸರ್ಕ್ಯೂಟ್ ಇರುತ್ತದೆ, ಹ್ಯಾಂಡ್‌ಬ್ರೇಕ್ ಇರುತ್ತದೆ. ಸ್ಟೀರಿಂಗಿಗೆ ಎರಡನೆಯದು ಇಲ್ಲ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಒಂದು ಲೆಕ್ಕ ಉಳಿಯುತ್ತದೆ. ಪವರ್ ರ‍್ಯಾಕನ್ನು ಎಣ್ಣೆಯ ಸಹಾಯವಿದೆ ಎಂಬ ಭರವಸೆಯ ಮೇಲೆ ಚುರುಕಾಗಿ ಮಾಡಿರುತ್ತಾರೆ. ಈ ಚರ್ಚೆ ಜಗತ್ತಿನಲ್ಲೆಲ್ಲ ಹೆಚ್ಚಾಗಿ ನಡೆಯುವುದು ಮಾಜ್ದಾ ಎಂಎಕ್ಸ್-5 ಸುತ್ತ. ಅದರ ಮೊದಲ ತಲೆಮಾರಿನ ಕಾರಿನಲ್ಲಿ ಮ್ಯಾನುಯಲ್ ರ‍್ಯಾಕಿನ ಅನುಪಾತ 18:1, ಪವರ್ ರ‍್ಯಾಕಿನದು 15:1. ಅಂದರೆ ಪವರ್ ರ‍್ಯಾಕನ್ನು ಡಿಪವರ್ ಮಾಡಿದಾಗ ಅದೇ ಟೈರನ್ನು ತಿರುಗಿಸಲು ಮ್ಯಾನುಯಲ್‌ಗಿಂತ ಶೇ. 20 ಹೆಚ್ಚು ಬಲ ಬೇಕು. ಅದರ ಮೇಲೆ ‘ರೇಸಿಂಗ್ ಲುಕ್’ಗೆಂದು 370 ಮಿ.ಮೀ. ಚಕ್ರದ ಜಾಗದಲ್ಲಿ 320 ಮಿ.ಮೀ.ಯದನ್ನು ಹಾಕಿದರೆ ಇನ್ನೂ ಶೇ. 16ರಷ್ಟು. ಎರಡೂ ಸೇರಿದರೆ ಹತ್ತಿರ ಹತ್ತಿರ ಶೇ. 40. ಅಗಲದ ಟೈರಿನ ಭಾರ ಈ ಲೆಕ್ಕದಲ್ಲಿ ಇನ್ನೂ ಸೇರಿಲ್ಲ. ಚುರುಕುತನ ಬೇಕೆನ್ನುವವನು ಇದನ್ನು ತೋಳಿನಿಂದ ತೆರಬೇಕು. ಮ್ಯಾನುಯಲ್ ರ‍್ಯಾಕಿನವನು ಕೈಯನ್ನು ಹೆಚ್ಚು ಸುತ್ತಬೇಕು, ಆದರೆ ಅವನ ರ‍್ಯಾಕಿನಲ್ಲಿ ಪಿಸ್ಟನ್ನಿಲ್ಲ, ಟಾರ್ಷನ್ ಬಾರಿಲ್ಲ, ಬಾಯಿ ಮುಚ್ಚಿಸಬೇಕಾದ ಭಾಗಗಳೇ ಇಲ್ಲ.

‘ನಿಜವಾದ ರೇಸ್ ಕಾರಿಗೆ ಪವರ್ ಸ್ಟೀರಿಂಗ್ ಇರುವುದಿಲ್ಲ’ ಎಂಬ ವಾದವೂ ಇದೆ. ಚೆನ್ನೈಗೆ ಆ ಹೆಮ್ಮೆಯ ಹಕ್ಕೂ ಇದೆ. ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಹುಟ್ಟುವ ಮೊದಲು, ನಗರದ ಉತ್ತರಕ್ಕಿರುವ ಶೋಲಾವರಂನ ಹಳೆಯ ವಿಮಾನಪಟ್ಟಿಯ ಮೇಲೆ ದಶಕಗಳ ಕಾಲ ನಡೆದ ರೇಸುಗಳು ತೋಳಿನ ಬಲದ ರೇಸುಗಳೇ. ಆದರೆ ವಾದ ಅರ್ಧ ಮಾತ್ರ ನಿಜ. ಅಮೆರಿಕದ ಇಂಡಿಕಾರ್‌ನಲ್ಲಿ ಪವರ್ ಸ್ಟೀರಿಂಗ್ ಇಲ್ಲ, ಫಾರ್ಮುಲಾ 2ರಲ್ಲೂ ಇಲ್ಲ. ಎಲ್ಲಕ್ಕಿಂತ ಮೇಲಿನ ಫಾರ್ಮುಲಾ 1ರಲ್ಲಿ ಇದೆ. ಚೆನ್ನೈನವರೇ ಆದ ಕರುಣ್ ಚಂದೋಕ್ 2010ರಲ್ಲಿ ಫಾರ್ಮುಲಾ 1 ತಲುಪುವ ಮೊದಲು ಓಡಿಸಿದ ಜಿಪಿ2 ಕಾರಿನಲ್ಲಿ ಅದು ಇರಲಿಲ್ಲ. ಮೇಲಿನ ಮೆಟ್ಟಿಲಿನ ಕಾರಿಗೆ ಸಹಾಯ ಕೊಟ್ಟು, ಕೆಳಗಿನದಕ್ಕೆ ಕೊಟ್ಟಿಲ್ಲ. ಹಾಗಾದರೆ ಸಹಾಯ ಇದ್ದರೆ ಸುದ್ದಿ ಸತ್ತಿತು ಎಂಬ ಮಾತು ನಿಲ್ಲುವುದಿಲ್ಲ. ಚೆನ್ನಾಗಿ ಮಾಡಿದ ಪವರ್ ಸ್ಟೀರಿಂಗ್ ಸದ್ದನ್ನು ತಗ್ಗಿಸಿ ಸುದ್ದಿಯನ್ನು ಉಳಿಸುತ್ತದೆ. ಕೆಟ್ಟದಾಗಿ ಮಾಡಿದ್ದು ಎರಡನ್ನೂ ನುಂಗುತ್ತದೆ.

ಭಾರದ ಸ್ಟೀರಿಂಗನ್ನು ಹೊಗಳುವವರು ನೆನಪಿಡಬೇಕಾದ ಇನ್ನೊಂದು ಸಂಗತಿ ಈ ನಗರದಲ್ಲೇ ಇದೆ. ಎಣ್ಣೂರಿನಲ್ಲಿ 1948ರಲ್ಲಿ ಶುರುವಾದ ಕಂಪನಿ ಮುಂದೆ ಅಶೋಕ್ ಲೇಲ್ಯಾಂಡ್ ಆಯಿತು; ಅದರ ಬಸ್ಸುಗಳು ದಕ್ಷಿಣ ಭಾರತವನ್ನೆಲ್ಲ ಹೊತ್ತು ತಿರುಗಿದವು. ದಶಕಗಳ ಕಾಲ ಆ ಬಸ್ಸಿನ ಡ್ರೈವರುಗಳು ಪವರ್ ಇಲ್ಲದ ದೊಡ್ಡ ಚಕ್ರವನ್ನು, ಸೀಟಿನಿಂದ ಅರ್ಧ ಎದ್ದು, ಎರಡೂ ಭುಜ ಕೊಟ್ಟು ತಿರುಗಿಸಿದರು. ಡಿಪೋದಲ್ಲಿ ಹಿಮ್ಮುಖ ತಿರುಗಿಸುವಾಗ, ಬಿಸಿಲಿನ ಟ್ರಾಫಿಕ್ಕಿನಲ್ಲಿ, ದಿನಕ್ಕೆ ನೂರಾರು ಸಲ. ಅವರಿಗೂ ರಸ್ತೆಯ ಸುದ್ದಿ ಕೈಗೆ ಬರುತ್ತಿತ್ತು, ಜೊತೆಗೆ ಭುಜದ ನೋವೂ. ಇದೇ ನಗರದ ರಾಣೆ ಸಂಸ್ಥೆ 1960ರ ದಶಕದಿಂದ ಮ್ಯಾನುಯಲ್ ಸ್ಟೀರಿಂಗ್ ಗೇರುಗಳನ್ನು ಮಾಡಿತು, ಮುಂದೆ ಅಮೆರಿಕದ ಟಿಆರ್‌ಡಬ್ಲ್ಯು ಜೊತೆ ಸೇರಿ ಪವರ್ ಸ್ಟೀರಿಂಗನ್ನೂ ಮಾಡಿತು. ಬಸ್ಸು ಲಾರಿಗಳಿಗೆ ಅದು ಬಂದಾಗ ಯಾವ ಡ್ರೈವರೂ ‘ಹಳೆಯ ಭಾರ ಇರಲಿ’ ಎಂದು ಹಟ ಹಿಡಿಯಲಿಲ್ಲ. ಭಾರವನ್ನು ಬೇಕೆಂದು ಆರಿಸಿಕೊಳ್ಳುವುದು, ಬೇಡವಾದಾಗ ಕೆಳಗಿಡಬಲ್ಲವರ ಸುಖ.

ಆ ಸುಖದಲ್ಲಿ ತಪ್ಪೇನಿಲ್ಲ. ಆದರೆ ಅದರ ಬೆಲೆಯನ್ನು ಬೇರೆಯವರ ಕೈಯಿಂದ ತೆರಿಸಬಾರದು. ಭಾನುವಾರ ಟ್ರ್ಯಾಕಿಗೆ ಹೋಗುವ ಕಾರು ಸೋಮವಾರ ಟಿ. ನಗರದ ಇಕ್ಕಟ್ಟಿನಲ್ಲಿ ಪಾರ್ಕ್ ಆಗಬೇಕು. ನಿಂತ ಕಾರಿನ ಟೈರನ್ನು ತಿರುಗಿಸುವುದೇ ಎಲ್ಲಕ್ಕಿಂತ ಭಾರದ ಕೆಲಸ. ಅದೇ ಕಾರನ್ನು ಹೆಂಡತಿ ಓಡಿಸುತ್ತಾಳೆ, ಅರವತ್ತು ದಾಟಿದ ಅಪ್ಪ ಆಸ್ಪತ್ರೆಗೆ ತೆಗೆದುಕೊಂಡು ಹೋಗುತ್ತಾರೆ. ಅಡ್ಡ ಬಂದ ಸ್ಕೂಟರನ್ನು ತಪ್ಪಿಸಲು ಚಕ್ರವನ್ನು ಒಂದೇ ಸಲಕ್ಕೆ ಎಳೆಯಬೇಕಾದ ಕ್ಷಣದಲ್ಲಿ, ಈ ಸ್ಟೀರಿಂಗಿಗೆ ಕೈ ಪಳಗಿದ ಮಾಲೀಕನೇ ಸೀಟಿನಲ್ಲಿರುತ್ತಾನೆ ಎಂಬ ಖಾತರಿ ಯಾರಿಗೂ ಇಲ್ಲ. ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ವಾಹನವನ್ನು ತಯಾರಕರ ಮೂಲ ವಿವರಕ್ಕೆ ಹೊಂದದಂತೆ ಬದಲಿಸುವುದಕ್ಕೆ ಕಡಿವಾಣ ಹಾಕುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿಯೇ ಓದಿತು. ಅಪಘಾತವಾದ ಮೇಲೆ ವೆಲ್ಡ್ ಮಾಡಿದ ಪಿನಿಯನ್ ಸಿಕ್ಕರೆ ಪೊಲೀಸರೂ ವಿಮೆಯವರೂ ಕೇಳುವ ಪ್ರಶ್ನೆಗೆ ‘ಫೀಲ್ ಚೆನ್ನಾಗಿತ್ತು’ ಎಂಬುದು ಉತ್ತರವಾಗದು.

ಹಾಗಾದರೆ ಏನು ಮಾಡಬೇಕು? ರಸ್ತೆಗೂ ಇಳಿಯುವ ಕಾರಾದರೆ ಪವರ್ ಇರಲಿ. ಮೊದಲು ಟೈ ರಾಡ್ ತುದಿ, ಬಾಲ್ ಜಾಯಿಂಟು, ಲೋವರ್ ಆರ್ಮ್‌ನ ರಬ್ಬರ್ ಬುಷ್‌ಗಳನ್ನು ಬದಲಿಸಿ, ಒಳ್ಳೆಯ ಟೈರು ಹಾಕಿಸಿ, ಅಲೈನ್‌ಮೆಂಟ್ ಸರಿ ಮಾಡಿಸಲಿ. ಇಪ್ಪತ್ತು ವರ್ಷದ ಕಾರಿನಲ್ಲಿ ಪವರ್ ಸ್ಟೀರಿಂಗಿನ ಮೇಲೆ ಹೊರಿಸುವ ಎಷ್ಟೋ ಆರೋಪಗಳು ಸವೆದ ರಬ್ಬರಿನವು. ಟ್ರ್ಯಾಕಿಗೇ ಮೀಸಲಾದ ಎಸ್ಟೀಮ್‌ನಂಥ ಕಾರಾದರೆ ಕಾರ್ಖಾನೆಯ ಮ್ಯಾನುಯಲ್ ರ‍್ಯಾಕೇ ಮೊದಲ ಆಯ್ಕೆ. ಅದನ್ನು ಪುದುಪೇಟ್ಟೈನ ಹಳೆಯ ಬಿಡಿಭಾಗಗಳ ರಾಶಿಯಲ್ಲಿ ಹುಡುಕುವವರು ಎಚ್ಚರವಾಗಿರಬೇಕು. ಗುಜರಿಗೆ ಬಂದ ಕಾರು ಗುದ್ದಿ ಬಂದದ್ದಾಗಿದ್ದರೆ, ಹೊರಗೆ ನೆಟ್ಟಗೆ ಕಾಣುವ ರ‍್ಯಾಕ್ ಒಳಗೆ ಬಾಗಿರಬಹುದು. ಮ್ಯಾನುಯಲ್ ಸಿಗದ, ಟ್ರ್ಯಾಕಿಗಷ್ಟೇ ಮೀಸಲಾದ ಕಾರಿಗೆ ಮಾತ್ರ ಡಿಪವರ್, ಅದೂ ಪೂರ್ತಿಯಾಗಿ, ರ‍್ಯಾಕ್ ಬಿಚ್ಚಿ ಕಟ್ಟಿದ ಅನುಭವ ಇರುವವರ ಕೈಯಲ್ಲಿ. ಪೈಪ್ ಲೂಪ್ ಮಾಡುವ ಅರ್ಧ ದಿನದ ಕೆಲಸ ಈ ಮೂರರ ಯಾವ ಸಾಲಿನಲ್ಲೂ ಇಲ್ಲ.

ಇಷ್ಟಾದ ಮೇಲೂ ಮನಸ್ಸು ಕೇಳದಿದ್ದರೆ, ಪೈಪಿಗೆ ಬ್ಲೇಡ್ ಇಡುವ ಮೊದಲು ಒಂದು ಪ್ರಯೋಗ ಮಾಡಬಹುದು. ಪಂಪಿನ ಬೆಲ್ಟ್ ಬೇರೆಯಾಗಿಯೇ ಇರುವ ಕಾರಾದರೆ ಅದೊಂದನ್ನು ಕಳಚಿ, ಗ್ಯಾರೇಜಿನ ಅಂಗಳದಲ್ಲೇ ನಿಧಾನವಾಗಿ ನಾಲ್ಕು ಸಲ ಹಿಂದೆ ಮುಂದೆ ಮಾಡಿ, ಎರಡು ಕಾರುಗಳ ನಡುವೆ ಒಂದು ಸಲ ನಿಲ್ಲಿಸಿ ನೋಡಲಿ. ಆಮೇಲೆ ಕೀಲಿಯನ್ನು ಮನೆಯಲ್ಲಿ ಆ ಕಾರು ಓಡಿಸುವ ಇನ್ನೊಬ್ಬರ ಕೈಗೆ ಕೊಟ್ಟು, ಅವರಿಂದಲೂ ಅದನ್ನೇ ಮಾಡಿಸಲಿ. ಬೆಲ್ಟನ್ನು ಮತ್ತೆ ಹಾಕುವುದು ಹತ್ತು ನಿಮಿಷದ ಕೆಲಸ.